ಐಡಿಯಲ್ಲಿ ಜೆಂಡರ್ ಬದಲಾಯಿಸೋಕೆ ಹೊರಟವರ ಜೊತೆ ಒಬ್ಬರಾದ್ರೂ ಇರ್ಬೇಕು

(2025ರ ಕೊನೆ ಹೊತ್ತಿಗೆ ಕಾಲೇಜ್ ವಿದ್ಯಾರ್ಥಿಗಳು, ಅವರ ಜೊತೆ ಬಂದಿದ್ದ ಕೆಲವು ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಸ್ವಲ್ಪ ಹಿಂದೆ ಮುಂದೆ ಮಾಡಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ. ನಿಯಮಗಳೆಲ್ಲ ಆ ಹೊತ್ತಿಗೆ ಇದ್ದ ಹಾಗೆ ಹೇಳಿರೋದು, ಅರ್ಜಿ ಹಾಕೋ ಮುಂಚೆ ಈಗ ಏನಿದೆ ಅಂತ ಒಂದ್ಸಲ ವಿಚಾರಿಸ್ಕೊಳ್ಳಿ.)

ಎಲ್ರಿಗೂ ನಮಸ್ಕಾರ. ಇವತ್ತು ನನ್ನನ್ನ ಕರ್ದಿರೋದು ಆಧಾರ್, ಪ್ಯಾನು, ಮಾರ್ಕ್ಸ್ ಕಾರ್ಡು ಇವುಗಳಲ್ಲಿ ಹೆಸರು ಮತ್ತೆ ಜೆಂಡರ್ ಬದಲಾಯಿಸೋದು ಹೇಗೆ ಅಂತ ಹೇಳೋಕೆ. ಹೇಳ್ತೀನಿ, ಯಾವ ಫಾರಂ, ಯಾವ ಆಫೀಸು, ಮೊದಲು ಯಾವ್ದು ಆಮೇಲೆ ಯಾವ್ದು, ಎಲ್ಲಾನೂ. ಆದ್ರೆ ಅದ್ರ ಜೊತೆಗೇ ಇನ್ನೊಂದು ವಿಷಯಾನೂ ಹೇಳ್ಬೇಕು, ಅದನ್ನ ಬಿಟ್ಟು ಬರೀ ಫಾರಂ ಬಗ್ಗೆ ಮಾತಾಡೋಕೆ ನನ್ನಿಂದ ಆಗಲ್ಲ. ಅರ್ಜಿ ತುಂಬೋಕೆ ಅಂತ ಜನರ ಜೊತೆ ಕೂತಾಗೆಲ್ಲ ನಾನು ಕಂಡಿರೋದು ಇಷ್ಟೇ: ಒಬ್ಬೊಬ್ಬರೇ ಓಡಾಡಿದವರು ಎರಡನೇ ಆಫೀಸಲ್ಲೋ ಮೂರನೇ ಆಫೀಸಲ್ಲೋ ಸುಸ್ತಾಗಿ ಕೈಬಿಡ್ತಾರೆ, ಜೊತೆಗೆ ಒಬ್ಬ ಅಕ್ಕನೋ ಫ್ರೆಂಡೋ ಇದ್ದವರು ನಿಧಾನಕ್ಕಾದ್ರೂ ಮುಗಿಸ್ತಾರೆ. ಓದು ಬರಹ ಜಾಸ್ತಿ ಇದೆಯಾ, ದುಡ್ಡಿದೆಯಾ ಅನ್ನೋದಕ್ಕಿಂತ ಇದೇ ದೊಡ್ಡ ವ್ಯತ್ಯಾಸ.

ಮೊದಲು, ಒಂದು ಅಕ್ಷರ ಬದಲಾಗೋದ್ರಲ್ಲಿ ಏನಿದೆ ಅಂತ ಕೇಳೋರಿಗೆ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಅಂತ, ಅದು ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ಚೆನ್ನಾಗಿರೋ ನಿರ್ಧಾರ. ಈಗ ಯೋಚ್ನೆ ಮಾಡಿ, ಸೀರೆ ಉಟ್ಕೊಂಡು ಬಸ್ ಹತ್ತಿದ ಒಬ್ಬ ಟ್ರಾನ್ಸ್ ಮಹಿಳೆ, ಅಂದ್ರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ರೂ ಹೆಣ್ಣಾಗಿ ಬದುಕೋಳು, ಜೀರೋ ಟಿಕೆಟ್ ಕೇಳ್ತಾಳೆ, ಕಂಡಕ್ಟರ್ ಐಡಿ ಕೇಳ್ತಾರೆ, ಕಾರ್ಡಲ್ಲಿ ಹಳೇ ಹೆಸರು, ಹಳೇ ಫೋಟೋ, ಪುರುಷ ಅಂತಿದೆ. ಕಂಡಕ್ಟರ್ ಕೆಟ್ಟವರೇನಲ್ಲ, ಅವರಿಗೂ ಮೇಲಿನವರಿಗೆ ಲೆಕ್ಕ ಕೊಡ್ಬೇಕು, ಅದಕ್ಕೆ ಕಾರ್ಡು ಒಂದ್ಸಲ ಮುಖ ಒಂದ್ಸಲ ನೋಡ್ತಾರೆ, ಅಷ್ಟೊತ್ತಿಗೆ ಇಡೀ ಬಸ್ಸು ತಿರುಗಿ ನೋಡ್ತಿರುತ್ತೆ. ಇದೇ ಕಥೆ ಎಕ್ಸಾಮ್ ಹಾಲಲ್ಲಿ, ಆಸ್ಪತ್ರೆಯಲ್ಲಿ ಯಾವ ವಾರ್ಡಿಗೆ ಹಾಕೋದು ಅನ್ನೋವಾಗ, ಬಾಡಿಗೆ ಮನೆ ಕೇಳುವಾಗ, ಬ್ಯಾಂಕಲ್ಲಿ ಕೆವೈಸಿ ಅಂದಾಗ, ಓಟು ಹಾಕೋ ಸಾಲಲ್ಲಿ. ಪ್ರತಿ ಸಲಾನೂ ಗೊತ್ತಿಲ್ದೇ ಇರೋರ ಮುಂದೆ ನಿಮ್ಮ ಬದುಕನ್ನ ಬಿಡಿಸಿ ಹೇಳ್ಬೇಕು. 2011ರ ಜನಗಣತಿಯಲ್ಲಿ ಮೊದಲ ಸಲ ಗಂಡು ಹೆಣ್ಣು ಬಿಟ್ಟು ಇತರೆ ಅನ್ನೋ ಕಾಲಮ್ ಇತ್ತು, ಅದ್ರಲ್ಲಿ ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಲೆಕ್ಕಕ್ಕೆ ಸಿಕ್ಕಿದ್ರು. ಮನೆಯಲ್ಲಿ ಅಪ್ಪ ಹೇಳಿ ಬರೆಸಿದ್ದನ್ನೇ ಎಣಿಸಿರೋ ಲೆಕ್ಕ ಅದು, ಮನೆ ಬಿಟ್ಟು ಹೋದವರನ್ನ ಯಾರು ಬರೆಸ್ತಾರೆ ಹೇಳಿ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ತುಂಬಾನೇ ಜಾಸ್ತಿ ಅಂತ ನನ್ನ ನಂಬಿಕೆ.

ಕಾನೂನು ಏನ್ ಹೇಳುತ್ತೆ? 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತೆ ಎ.ಕೆ. ಸಿಕ್ರಿ ಅವರು ಒಂದು ತೀರ್ಪು ಕೊಟ್ರು, ಎಲ್ರೂ ಅದನ್ನ ನಾಲ್ಸಾ ತೀರ್ಪು ಅಂತಾರೆ, ಯಾಕಂದ್ರೆ ಕೇಸ್ ಹಾಕಿದ್ದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ. ನಾನು ಯಾರು ಅನ್ನೋದನ್ನ ನಾನೇ ಹೇಳ್ಬೇಕು, ಅದಕ್ಕೆ ಆಪರೇಷನ್ ಆಗಿರ್ಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ ಅಂತ ಆ ತೀರ್ಪು ಸ್ಪಷ್ಟವಾಗಿ ಹೇಳ್ತು. ಆಮೇಲೆ 2019ರಲ್ಲಿ ಪಾರ್ಲಿಮೆಂಟು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಮಾಡ್ತು, 2020ರ ಜನವರಿ 10ರಿಂದ ಜಾರಿಗೆ ಬಂತು, ಅದೇ ವರ್ಷ ಸೆಪ್ಟೆಂಬರಲ್ಲಿ ಅದರ ನಿಯಮಗಳು ಬಂದ್ವು. ಈ ಕಾಯ್ದೆ ಬಗ್ಗೆ ಸಮುದಾಯದಲ್ಲಿ ಅವತ್ತೂ ಸಿಟ್ಟಿತ್ತು ಇವತ್ತೂ ಇದೆ, ನಾನು ಯಾರು ಅಂತ ನಾನೇ ಹೇಳ್ತೀನಿ ಅಂದ್ಮೇಲೆ ಅದಕ್ಕೆ ಡೀಸಿ ಯಾಕೆ ಸರ್ಟಿಫಿಕೇಟ್ ಕೊಡ್ಬೇಕು ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಯಾರೂ ಕೊಟ್ಟಿಲ್ಲ, ಮತ್ತೆ ಟ್ರಾನ್ಸ್ ವ್ಯಕ್ತಿಗಳ ಮೇಲೆ ದೌರ್ಜನ್ಯ ಮಾಡಿದವರಿಗೆ 2019ರಲ್ಲಿ ಆರು ತಿಂಗಳಿಂದ ಎರಡು ವರ್ಷ ಅಂತ ಶಿಕ್ಷೆ ಇಟ್ಟಿದ್ದು ನನ್ನ ಪ್ರಕಾರ ಅನ್ಯಾಯ. ಆದ್ರೂ ಕೈಯಲ್ಲಿ ಇರೋ ಕಾನೂನು ಇದು, ಇದ್ರಲ್ಲಿ ನಮಗೆ ಸಿಗೋದನ್ನ ಪೂರ್ತಿ ತಗೋಬೇಕು.

ಈಗ ಅರ್ಜಿಗೆ ಬರೋಣ, 2025ರ ಕೊನೆಗೆ ಇದ್ದ ನಿಯಮದ ಪ್ರಕಾರ ಹೇಳ್ತೀನಿ. ಎಲ್ಲದಕ್ಕೂ ತಾಯಿ ಬೇರು ಅಂದ್ರೆ ಟಿಜಿ ಸರ್ಟಿಫಿಕೇಟ್, ಅಂದ್ರೆ ಜಿಲ್ಲಾಧಿಕಾರಿ ಕೊಡೋ ಗುರುತಿನ ಪ್ರಮಾಣಪತ್ರ, ಅದ್ರ ಜೊತೆಗೇ ಒಂದು ಕಾರ್ಡೂ ಬರುತ್ತೆ. ಇದಕ್ಕೆ ಅಂತಾನೇ ನ್ಯಾಷನಲ್ ಪೋರ್ಟಲ್ ಫಾರ್ ಟ್ರಾನ್ಸ್‌ಜೆಂಡರ್ ಪರ್ಸನ್ಸ್ ಅಂತ ಕೇಂದ್ರ ಸರ್ಕಾರದ್ದು ಒಂದು ಪೋರ್ಟಲ್ ಇದೆ, 2020ರ ನವೆಂಬರ್‌ನಲ್ಲಿ ಶುರುವಾಗಿದ್ದು, ಅಲ್ಲಿ ಅಕೌಂಟ್ ಮಾಡ್ಕೊಂಡು ಅರ್ಜಿ ಹಾಕ್ಬೇಕು. ಅರ್ಜಿ, ಅದ್ರ ಜೊತೆ ಒಂದು ಅಫಿಡವಿಟ್, ಫೋಟೋ, ವಿಳಾಸಕ್ಕೆ ದಾಖಲೆ, ಇಷ್ಟು ಮುಖ್ಯ. ಅಫಿಡವಿಟ್ ಅಂದ್ರೆ ಭಯ ಬೀಳ್ಬೇಡಿ, ನಾನು ನನ್ನನ್ನ ಟ್ರಾನ್ಸ್‌ಜೆಂಡರ್ ಅಂತ ಗುರುತಿಸ್ಕೊಳ್ತೀನಿ ಅಂತ ನೀವೇ ಹೇಳೋ ಹೇಳಿಕೆ ಅದು, ಹೇಗಿರ್ಬೇಕು ಅಂತ ನಿಯಮದಲ್ಲೇ ನಮೂನೆ ಇದೆ, ನೋಟರಿ ಹತ್ರ ಸಹಿ ಮಾಡಿಸ್ಬೇಕು. ಅರ್ಜಿ ಹಾಕಿದ 30 ದಿನದೊಳಗೆ ಸರ್ಟಿಫಿಕೇಟ್ ಕೊಡ್ಬೇಕು ಅಂತ ನಿಯಮ. ತಿರಸ್ಕಾರ ಮಾಡಿದ್ರೆ ಕಾರಣ ತಿಳಿಸ್ಬೇಕು, ಅದರ ಮೇಲೆ ನೀವು 90 ದಿನದೊಳಗೆ ಮೇಲ್ಮನವಿ ಹಾಕ್ಬಹುದು.

ಇಲ್ಲಿ ಒಂದು ವಿಷಯ ಎಲ್ರೂ ಗಟ್ಟಿಯಾಗಿ ತಲೇಲಿ ಇಟ್ಕೊಳ್ಳಿ. 2020ರ ನಿಯಮದ ಪ್ರಕಾರ ಈ ಮೊದಲ ಸರ್ಟಿಫಿಕೇಟಿಗೆ ಮೆಡಿಕಲ್ ಟೆಸ್ಟ್ ಬೇಡ. ದೈಹಿಕ ಪರೀಕ್ಷೆ ಬೇಡ. ಸೈಕಾಲಜಿಸ್ಟ್ ರಿಪೋರ್ಟ್ ಬೇಡ. 2020ರಲ್ಲಿ ಸರ್ಕಾರ ಕರಡು ನಿಯಮ ಬಿಟ್ಟಾಗ ಅದ್ರಲ್ಲಿ ಸೈಕಾಲಜಿಸ್ಟ್ ರಿಪೋರ್ಟ್ ಕೇಳಿದ್ರು, ದೇಶದ ತುಂಬ ಸಮುದಾಯದವರು ವಿರೋಧ ಮಾಡಿದ್ರು, ಕೊನೆಗೆ ಬಂದ ನಿಯಮದಲ್ಲಿ ಅದನ್ನ ತೆಗೆದು ಯಾವುದೇ ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆ ಇಲ್ಲದೇ ಕೊಡ್ಬೇಕು ಅಂತಾನೇ ಬರೆದ್ರು. ಇದು ಯಾರೋ ಕರುಣೆಯಿಂದ ಕೊಟ್ಟಿದ್ದಲ್ಲ, ಕೇಳಿ ಪಡ್ಕೊಂಡಿದ್ದು. ಆದ್ರೂ ಕೆಲವು ಕಡೆ ಫೋನ್ ಮಾಡಿ ಆಫೀಸಿಗೆ ಬನ್ನಿ, ಆಪರೇಷನ್ ಆಗಿದೆಯಾ, ಡಾಕ್ಟರ್ ಲೆಟರ್ ತನ್ನಿ ಅಂತಾರೆ. ಬಹಳ ಸಲ ಅದು ದ್ವೇಷ ಅಲ್ಲ, ಆ ಟೇಬಲ್ಲಿಗೆ ಅವರು ಹೊಸಬರು, ನಿಯಮ ಓದಿರಲ್ಲ. ಅದಕ್ಕೆ ನಾನು ಹೇಳೋದು ಆ ನಿಯಮದ ಪುಟ ಪ್ರಿಂಟ್ ತೆಗೆದು ಬ್ಯಾಗಲ್ಲಿ ಇಟ್ಕೊಳ್ಳಿ, ಸಾರ್ ಇಲ್ಲಿ ಬರೆದಿದೆ ನೋಡಿ ಅಂತ ಸಮಾಧಾನವಾಗಿ ತೋರ್ಸಿ. ಮತ್ತೆ ನೋಡಿ, ಆ ಪುಟ ತೋರ್ಸೋ ಕೈ ನಿಮ್ದೇ ಆದಾಗ ಧ್ವನಿ ನಡುಗುತ್ತೆ, ಪಕ್ಕದಲ್ಲಿ ನಿಂತಿರೋ ಇನ್ನೊಬ್ಬರು ತೋರ್ಸಿದ್ರೆ ನಡುಗಲ್ಲ. ಜೊತೆಗೆ ಒಬ್ಬರು ಬೇಕು ಅಂತ ನಾನು ಪದೇ ಪದೇ ಹೇಳ್ತಿರೋದು ಇದಕ್ಕೇ.

ಮೊದಲ ಸರ್ಟಿಫಿಕೇಟಲ್ಲಿ ಬರೋದು ಟ್ರಾನ್ಸ್‌ಜೆಂಡರ್ ಅಂತ. ಹೆಣ್ಣು ಅಂತಾನೇ ಅಥವಾ ಗಂಡು ಅಂತಾನೇ ಬರ್ಬೇಕು ಅಂದ್ರೆ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಇನ್ನೊಂದು ಅರ್ಜಿ ಹಾಕ್ಬೇಕು, ಚಿಕಿತ್ಸೆ ಆದ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಚೀಫ್ ಮೆಡಿಕಲ್ ಆಫೀಸರ್ ಪತ್ರ ಬೇಕು, ಆಗ ಪರಿಷ್ಕೃತ ಸರ್ಟಿಫಿಕೇಟ್ ಬರುತ್ತೆ. ನಾಲ್ಸಾ ತೀರ್ಪಿಗೂ ಇದಕ್ಕೂ ಹೊಂದಾಣಿಕೆ ಆಗಲ್ಲ ಅಂತ ಅನ್ಸಿದ್ರೆ ನಿಮ್ಮ ಅನಿಸಿಕೆ ಸರಿ ಇದೆ. ನನಗೆ ಇದು ತುಂಬ ನೋವು ಕೊಡೋ ವಿಷಯ, ಯಾಕಂದ್ರೆ ಆಪರೇಷನ್ ಬೇಡ ಅನ್ನೋರು ಇದಾರೆ, ಬೇಕಿದ್ರೂ ದುಡ್ಡಿಲ್ದೇ ಇರೋರು ಇದಾರೆ, ಆರೋಗ್ಯ ಕಾರಣಕ್ಕೆ ಆಗದೇ ಇರೋರು ಇದಾರೆ, ಅವರೆಲ್ಲ ತಮ್ಮನ್ನ ತಾವು ಹೆಣ್ಣು ಅಂತಾನೋ ಗಂಡು ಅಂತಾನೋ ತಿಳ್ಕೊಂಡು ಬದುಕ್ತಿರುವಾಗ ಕಾಗದ ಮಾತ್ರ ಟ್ರಾನ್ಸ್‌ಜೆಂಡರ್ ಅಂತ ಹೇಳುತ್ತೆ.

ಇನ್ನೊಂದು ಕಷ್ಟ, ವಿಳಾಸದ್ದು. ಅರ್ಜಿ ಹಾಕೋ ಜಿಲ್ಲೆಯಲ್ಲಿ ಹಿಂದಿನ ಒಂದು ವರ್ಷದಿಂದ ವಾಸ ಇರ್ಬೇಕು ಅಂತ ನಿಯಮ ಹೇಳುತ್ತೆ. ರಾಯಚೂರಿಂದಲೋ ಹಾಸನದಿಂದಲೋ ರಾತ್ರೋರಾತ್ರಿ ಮನೆ ಬಿಟ್ಟು ಬೆಂಗಳೂರಿಗೆ ಬಂದ ಹುಡುಗಿ ಹತ್ರ ಇಲ್ಲಿನ ವಿಳಾಸದ್ದು ಏನಿರುತ್ತೆ? ಬಾಡಿಗೆ ಕರಾರು ಇರಲ್ಲ, ಕರೆಂಟ್ ಬಿಲ್ ಅವಳ ಹೆಸರಲ್ಲಿ ಇರಲ್ಲ, ಮನೆ ರೇಷನ್ ಕಾರ್ಡಿಂದ ಹೆಸರು ತೆಗ್ಸಿರ್ತಾರೆ. ಇಂಥಾ ಹೊತ್ತಲ್ಲಿ ಜಮಾತಿನ, ಅಂದ್ರೆ ಮಂಗಳಮುಖಿಯರು ಒಟ್ಟಾಗಿ ಬದುಕೋ ಗುಂಪಿನ, ಗುರುಗಳೋ, ಸಂಸ್ಥೆಯವರೋ, ಗೆಳತಿಯೋ ತಮ್ಮ ಮನೆಯಲ್ಲಿ ಇಟ್ಕೊಂಡು ಬಾಡಿಗೆ ಪತ್ರ ಮಾಡಿಸಿ ಕೊಟ್ಟಿದ್ರಿಂದಾನೇ ಎಷ್ಟೋ ಜನಕ್ಕೆ ಮೊದಲ ದಾಖಲೆ ಆಗಿರೋದು. ಹಮಾಮ್‌ಗಳಲ್ಲಿ, ಜಮಾತ್‌ಗಳಲ್ಲಿ (ಹಮಾಮ್ ಅಂದ್ರೆ ಸಮುದಾಯದವರು ನಡೆಸೋ ಸ್ನಾನದ ಮನೆ) ನಡೆಯೋದೆಲ್ಲಾ ಸರಿ ಅಂತ ನಾನು ಹೇಳಲ್ಲ, ಅಲ್ಲೂ ಜೋರು ಇದೆ, ಸಾಲ ಇದೆ, ಹಿಂಸೆ ಇದೆ. ಆದ್ರೆ ಮನೆಯವರು ಬಾಗಿಲು ಹಾಕಿದ ರಾತ್ರಿ ಬಾಗಿಲು ತೆಗೆದಿದ್ದು ಯಾರು ಅಂತ ಕೇಳಿದ್ರೆ ಬಹಳ ಜನ ಹೇಳೋದು ಒಬ್ಬ ಗುರು ಹೆಸರನ್ನ, ಅವಳನ್ನ ಅಮ್ಮ ಅಂತಾನೇ ಕರೀತಾರೆ.

ಸರ್ಟಿಫಿಕೇಟ್ ಬಂದ್ಮೇಲೆ ಮುಂದೆ? ನಿಯಮದ ಪ್ರಕಾರ ಈ ಸರ್ಟಿಫಿಕೇಟ್ ಇಟ್ಕೊಂಡು ಅರ್ಜಿ ಹಾಕಿದ್ರೆ ಆಯಾ ದಾಖಲೆ ಕೊಟ್ಟ ಕಚೇರಿಯವರು 15 ದಿನದೊಳಗೆ ಹೆಸರು, ಜೆಂಡರ್, ಫೋಟೋ ಬದಲಾಯಿಸಿ ಕೊಡ್ಬೇಕು, ದಾಖಲೆಯ ನಂಬರ್ ಮೊದಲಿದ್ದಿದ್ದೇ ಇರ್ಬೇಕು. ನನ್ನ ಸಲಹೆ ಮೊದಲು ಆಧಾರ್, ಯಾಕಂದ್ರೆ ಉಳಿದವರೆಲ್ಲ ಅದನ್ನೇ ನೋಡಿ ತಾಳೆ ಹಾಕ್ತಾರೆ. ಆಧಾರಲ್ಲಿ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಮೂರೂ ಇದೆ, ಟಿಜಿ ಸರ್ಟಿಫಿಕೇಟನ್ನ ದಾಖಲೆಯಾಗಿ ತಗೋತಾರೆ. ಆದ್ರೆ ಹುಷಾರು: ಆಧಾರಲ್ಲಿ ಜೆಂಡರ್ ಒಂದೇ ಸಲ, ಹೆಸರು ಎರಡೇ ಸಲ ಬದಲಾಯಿಸೋಕೆ ಅವಕಾಶ, ಅದು ಮೀರಿದ್ರೆ ಆಧಾರ್ ಕೊಡೋ ಯುಐಡಿಎಐ ಸಂಸ್ಥೆಯ ಪ್ರಾದೇಶಿಕ ಕಚೇರಿಗೆ ವಿಶೇಷ ಮನವಿ ಕೊಡ್ಬೇಕಾಗುತ್ತೆ. ಅಂದ್ರೆ ಇವತ್ತು ಟ್ರಾನ್ಸ್‌ಜೆಂಡರ್ ಅಂತ ಮಾಡ್ಸಿ, ಎರಡು ವರ್ಷ ಆದ್ಮೇಲೆ ಹೆಣ್ಣು ಅಂತ ಮಾಡಿಸ್ಬೇಕು ಅನ್ನೋರು ಮುಂಚೇನೇ ಯೋಚ್ನೆ ಮಾಡ್ಬೇಕು. ಹೆಸರಿನ ಸ್ಪೆಲ್ಲಿಂಗ್ ಕೂಡ, ಇನಿಷಿಯಲ್ ಮುಂದೆ ಬೇಕಾ ಹಿಂದೆ ಬೇಕಾ, ಅಪ್ಪನ ಹೆಸರು ಇರ್ಬೇಕಾ ಬೇಡ್ವಾ, ಎಲ್ಲಾ ಒಂದು ಹಾಳೆ ಮೇಲೆ ಬರ್ಕೊಂಡು ಅದನ್ನೇ ಎಲ್ಲಾ ಕಡೆ ಕೊಡಿ. ಒಂದು ಕಡೆ ಒಂದು ಎ ಜಾಸ್ತಿ ಆಗಿದ್ದಕ್ಕೆ ತಿಂಗಳುಗಟ್ಟಲೆ ಓಡಾಡಿದವರಿದಾರೆ.

ಆಧಾರ್ ಬಗ್ಗೆ ಇನ್ನೊಂದು, ಇದನ್ನ ಯಾವ ಸರ್ಕಾರಿ ಸೂಚನೆಯಲ್ಲೂ ಬರೆದಿರಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ನಿಮ್ಮ ಆಧಾರಿಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ಯಾರ್ದು? ಸ್ಕೂಲಲ್ಲಿ ಇದ್ದಾಗ ಮಾಡ್ಸಿದ್ದು ಅಂದ್ರೆ ಅಪ್ಪಂದೋ ಅಣ್ಣಂದೋ ಇರುತ್ತೆ. ಅಪ್‌ಡೇಟಿಗೆ ಕೊಟ್ಟ ತಕ್ಷಣ ಮೆಸೇಜ್ ಹೋಗೋದು ಆ ಫೋನಿಗೆ. ಪತ್ರ ಹೋಗೋದು ಆಧಾರಲ್ಲಿರೋ ಮನೆ ವಿಳಾಸಕ್ಕೆ, ಪೋಸ್ಟ್‌ಮ್ಯಾನ್ ತಂದು ಅಪ್ಪನ ಕೈಗೇ ಕೊಡ್ತಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ ಅನ್ನೋರು, ಹೇಳಿದ್ರೆ ಹೊಡೀತಾರೆ ಮದುವೆ ಮಾಡಿಬಿಡ್ತಾರೆ ಅನ್ನೋ ಭಯ ಇರೋರು ಮೊದಲು ನಿಮ್ಮ ಸ್ವಂತ ನಂಬರ್ ಲಿಂಕ್ ಮಾಡಿಸ್ಕೊಳ್ಳಿ, ಆಮೇಲೆ ವಿಳಾಸ ಯೋಚ್ನೆ ಮಾಡಿ, ಆಮೇಲೆ ಮಿಕ್ಕಿದ್ದು. ಮನೆಯಲ್ಲಿರೋ ಒರಿಜಿನಲ್ ಮಾರ್ಕ್ಸ್ ಕಾರ್ಡು, ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಇವೆಲ್ಲದರ ಸ್ಕ್ಯಾನ್ ಕಾಪಿ ನಿಮ್ಮ ಹತ್ರ ಇರ್ಲಿ, ಡಿಜಿಲಾಕರ್ ಅಕೌಂಟ್ ನಿಮ್ಮ ಕೈಯಲ್ಲೇ ಇರ್ಲಿ. ಮನೆಯಿಂದ ಹೊರಗೆ ಬಂದವರು ಮೊದಲು ಕಳ್ಕೊಳ್ಳೋದು ಬಟ್ಟೆ ದುಡ್ಡಲ್ಲ, ಈ ಕಾಗದಗಳನ್ನ. ಮತ್ತೆ ಇದೆಲ್ಲಾ ಈಗಲೇ ಮಾಡ್ಬೇಕು ಅಂತ ಏನೂ ಇಲ್ಲ. ಓದು ಮುಗಿಸಿ ಕೆಲಸ ಸಿಕ್ಮೇಲೆ ಮಾಡ್ತೀನಿ ಅಂದ್ರೆ ಅದು ಹೇಡಿತನ ಅಲ್ಲ. ಯಾವತ್ತೂ ಬದಲಾಯಿಸಲ್ಲ ಅಂದ್ರೂ ನೀವು ನೀವೇ.

ಪ್ಯಾನ್ ಕಾರ್ಡಲ್ಲಿ ಟ್ರಾನ್ಸ್‌ಜೆಂಡರ್ ಅನ್ನೋ ಆಯ್ಕೆ 2018ರಿಂದ ಇದೆ. ಪ್ಯಾನು ಆಧಾರು ಲಿಂಕ್ ಆಗ್ಲೇಬೇಕಲ್ಲ, ಎರಡರಲ್ಲಿ ಬೇರೆ ಬೇರೆ ಹೆಸರಿದ್ರೆ ಲಿಂಕ್ ಆಗಲ್ಲ, ಲಿಂಕ್ ಆಗಿಲ್ಲ ಅಂದ್ರೆ ಪ್ಯಾನ್ ನಿಷ್ಕ್ರಿಯ, ಸಂಬಳ ಬ್ಯಾಂಕು ಎಲ್ಲಾ ಕಡೆ ತೊಂದ್ರೆ. ಅದಕ್ಕೆ ಆಧಾರ್ ಆದ ಹಿಂದೇನೇ ಪ್ಯಾನ್ ಮಾಡ್ಸಿ. ಡೀಸಿ ಕೊಡೋ ಸರ್ಟಿಫಿಕೇಟನ್ನ ಪ್ಯಾನಿಗೆ ದಾಖಲೆ ಅಂತ ಒಪ್ತೀವಿ ಅಂತ 2024ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೇ ಹೇಳಿದೆ. ವೋಟರ್ ಐಡಿಗೆ ಫಾರಂ 8, ಆನ್‌ಲೈನಲ್ಲೇ ಆಗುತ್ತೆ. ಪಾಸ್‌ಪೋರ್ಟಲ್ಲೂ ಮೂರು ಆಯ್ಕೆ ಇದೆ, ಆದ್ರೆ ಬೇರೆ ದೇಶಕ್ಕೆ ಹೋಗೋರು ಆ ದೇಶದಲ್ಲಿ ಟ್ರಾನ್ಸ್‌ಜೆಂಡರ್ ಅಂತ ಬರೆದ ಪಾಸ್‌ಪೋರ್ಟ್ ತಗೊಂಡು ಹೋದ್ರೆ ಏನಾಗುತ್ತೆ ಅಂತ ಮೊದಲೇ ವಿಚಾರಿಸಿ. ಕೆಲವು ಕಚೇರಿಗಳು ಟಿಜಿ ಸರ್ಟಿಫಿಕೇಟ್ ಇದ್ರೂ ಹೆಸರು ಬದಲಾಗಿದೆ ಅನ್ನೋ ಗೆಜೆಟ್ ಪ್ರಕಟಣೆ ತನ್ನಿ, ಪೇಪರ್ ಜಾಹೀರಾತು ತನ್ನಿ ಅಂತ ಕೇಳ್ತಾವೆ. ನಿಯಮದ ಪ್ರಕಾರ ಈ ಸರ್ಟಿಫಿಕೇಟೇ ಸಾಕು. ಆದ್ರೂ ಕೈಯಲ್ಲಿ ಗೆಜೆಟ್ ಇದ್ರೆ ಕೆಲಸ ಸಲೀಸು ಅಂತ ಬಹಳ ಜನ ಮಾಡ್ಸಿಟ್ಕೊಳ್ತಾರೆ, ಅದನ್ನ ನಾನು ತಪ್ಪು ಅನ್ನಲ್ಲ.

ಅತಿ ಕಷ್ಟದ್ದು ಎರಡು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಜನನ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ಹೈಕೋರ್ಟಿನ ಒಂದು ತೀರ್ಪು ಎಲ್ರಿಗೂ ಗೊತ್ತಿರ್ಬೇಕು, 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟಿದ್ದು. ಒಬ್ಬ ಟ್ರಾನ್ಸ್ ಮಹಿಳೆ ಜನನ ಪ್ರಮಾಣಪತ್ರದಲ್ಲಿ ಹೆಸರು ಜೆಂಡರ್ ಬದಲಾಯಿಸಿ ಅಂತ ಕೇಳಿದ್ರು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ತಪ್ಪಾಗಿದ್ರೆ ಮಾತ್ರ ತಿದ್ದಬಹುದು, ಹುಟ್ಟಿದಾಗ ಬರೆದಿದ್ದು ತಪ್ಪಲ್ವಲ್ಲ ಅಂತ ಕಚೇರಿಯವರು ಆಗಲ್ಲ ಅಂದ್ರು. ಕೋರ್ಟ್ ಏನ್ ಹೇಳ್ತು ಅಂದ್ರೆ 2019ರ ಕಾಯ್ದೆ ವಿಶೇಷ ಕಾಯ್ದೆ, ಅದು ಕೊಟ್ಟಿರೋ ಹಕ್ಕನ್ನ ಹಳೇ ಕಾಯ್ದೆ ತೋರ್ಸಿ ನಿಲ್ಲಿಸೋಕೆ ಆಗಲ್ಲ, ಹಳೇ ಕಾಯ್ದೆಗೆ ತಿದ್ದುಪಡಿ ಆಗೋ ತನಕ ಹಿಂದಿನ ಹೆಸರು ಜೆಂಡರು, ಈಗಿನ ಹೆಸರು ಜೆಂಡರು ಎರಡೂ ಇರೋ ಪ್ರಮಾಣಪತ್ರ ಕೊಡಿ ಅಂತ. ಎರಡೂ ಇರೋದು ಎಲ್ರಿಗೂ ಇಷ್ಟ ಆಗಲ್ಲ, ಪ್ರತಿ ಸಲ ಹಳೇ ಹೆಸರು ಕಣ್ಣಿಗೆ ಬೀಳುತ್ತೆ, ನಂಗೂ ಅದು ಪೂರ್ತಿ ನ್ಯಾಯ ಅನ್ಸಲ್ಲ. ಆದ್ರೆ ಆಗೋದೇ ಇಲ್ಲ ಅಂತಿದ್ದ ಕಡೆ ದಾರಿ ಆಗಿದೆ. ಮಾರ್ಕ್ಸ್ ಕಾರ್ಡಿಗೆ ಬೋರ್ಡು, ಯೂನಿವರ್ಸಿಟಿ ಒಂದೊಂದು ಕಡೆ ಒಂದೊಂದು ಥರ. ಅದಕ್ಕೆ ಅರ್ಜಿ ಕೊಟ್ಟು, ಸ್ವೀಕೃತಿ ತಗೊಂಡು, ಉತ್ತರ ಬರ್ಲಿಲ್ಲ ಅಂದ್ರೆ ಲಿಖಿತವಾಗಿ ಕಾರಣ ಕೇಳಿ. ಬಾಯಲ್ಲಿ ಆಗಲ್ಲ ಅಂದಿದ್ದಕ್ಕೆ ವಾಪಸ್ ಬರ್ಬೇಡಿ. ಬರಹದಲ್ಲಿ ಆಗಲ್ಲ ಅಂತ ಇದ್ರೆ ವಕೀಲರಿಗೆ ಕೆಲಸ ಸುಲಭ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಇರುತ್ತೆ, 15100 ಅವರ ಸಹಾಯವಾಣಿ.

ಟ್ರಾನ್ಸ್ ಮೆನ್, ಅಂದ್ರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರೂ ಗಂಡಾಗಿ ಬದುಕೋರ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳ್ಬೇಕು, ಯಾಕಂದ್ರೆ ಕಚೇರಿಗಳಲ್ಲಿ ಟ್ರಾನ್ಸ್‌ಜೆಂಡರ್ ಅಂದ ತಕ್ಷಣ ಮಂಗಳಮುಖಿಯರ ಚಿತ್ರ ಒಂದೇ ಬರುತ್ತೆ, ಗಡ್ಡ ಬಿಟ್ಟ ಹುಡುಗ ಬಂದು ನಾನೇ ಅರ್ಜಿದಾರ ಅಂದ್ರೆ ಅವರಿಗೆ ಅರ್ಥಾನೇ ಆಗಲ್ಲ. ಹೆಣ್ಣಾಗಿ ಬೆಳೆಸಿದ ಮನೆಗಳಲ್ಲಿ ಹೊರಗೆ ಹೋಗೋಕೆ ಬಿಡಲ್ಲ, ಫೋನ್ ಕಿತ್ಕೊಳ್ತಾರೆ, ಓಡಿ ಬಂದ್ರೆ ಕಾಣೆಯಾಗಿದ್ದಾಳೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡ್ತಾರೆ. ಜಮಾತ್ ಥರದ ಹಳೇ ವ್ಯವಸ್ಥೆ ಇವರಿಗೆ ಇಲ್ಲ. ಸಲಿಂಗಿ ಹುಡುಗೀರ ಕಥೆನೂ ಹೆಚ್ಚುಕಮ್ಮಿ ಇದೇ. 18 ತುಂಬಿದವರು ಎಲ್ಲಿ ಯಾರ ಜೊತೆ ಇರ್ಬೇಕು ಅನ್ನೋದು ಅವರ ಹಕ್ಕು. ಠಾಣೆಗೆ ಕರೆಸಿದ್ರೆ ವಯಸ್ಸಿನ ದಾಖಲೆ ತಗೊಂಡು, ಒಬ್ಬ ವಕೀಲರನ್ನೋ ಸಂಸ್ಥೆಯವರನ್ನೋ ಕರ್ಕೊಂಡು ಹೋಗಿ, ನನ್ನ ಇಷ್ಟದಿಂದಾನೇ ಬಂದಿದೀನಿ ಅಂತ ಬರೆದು ಕೊಟ್ಟು ಅದ್ರ ಕಾಪಿ ಇಟ್ಕೊಳ್ಳಿ.

ಹಾಗಾದ್ರೆ ಈ ಜೊತೆಗಿರೋ ಜನ ಎಲ್ಲಿ ಸಿಕ್ತಾರೆ? ಬೆಂಗಳೂರಲ್ಲಿ ಗುಡ್ ಆಸ್ ಯು ಅನ್ನೋ ಗುಂಪು 1994ರಲ್ಲೇ ಶುರುವಾಗಿತ್ತು, ಸಲಿಂಗ ಸಂಬಂಧಾನ ಅಪರಾಧ ಅಂತಿದ್ದ 377ನೇ ಸೆಕ್ಷನ್ ಇನ್ನೂ ಇದ್ದ ಕಾಲ ಅದು. ಸಂಗಮ 1999ರಿಂದ ಇದೆ, ದುಡಿಯೋ ವರ್ಗದ, ಕನ್ನಡ ಮಾತಾಡೋ, ಇಂಗ್ಲಿಷ್ ಬರದೇ ಇರೋ ಸಮುದಾಯದವರ ಜೊತೆ ಕೆಲಸ ಮಾಡಿದ ಸಂಸ್ಥೆ, ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇಕಡಾ 1 ಮೀಸಲಾತಿ ಅಂತ 2021ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ನಿಯಮ ತಂದಿದ್ದು ಇವರು ಹೈಕೋರ್ಟಿಗೆ ಹೋಗಿದ್ರಿಂದ. ಒಂದೆಡೆ, ಜೀವಾ, ಪಯಣ ಅನ್ನೋ ಸಂಸ್ಥೆಗಳೆಲ್ಲ ಸಮುದಾಯದವರೇ ಕಟ್ಟಿದ್ದು. ಒಂದೆಡೆ ಕಟ್ಟಿದ ಅಕ್ಕೈ ಪದ್ಮಶಾಲಿ ಅವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2008ರಿಂದ ನಮ್ಮ ಪ್ರೈಡ್ ನಡಿಗೆ, ಅಂದ್ರೆ ಸಮುದಾಯದವರು ಹೆಮ್ಮೆಯಿಂದ ಮಾಡೋ ಮೆರವಣಿಗೆ, ಆಗ್ತಿದೆ, ಮೊದಲ ಸಲ ಹೋಗೋರಿಗೆ ನಾನು ಹೇಳೋದು ಬರೀ ಹೋಗಿ ನೋಡಿ ಬನ್ನಿ, ಯಾರಿಗೂ ಏನೂ ಹೇಳ್ಬೇಕಾಗಿಲ್ಲ, ಅಷ್ಟು ಜನಾನ ಒಟ್ಟಿಗೆ ಕಂಡ್ರೇನೇ ಎದೆ ಹಗುರ ಆಗುತ್ತೆ.

ಬೆಂಗಳೂರೇ ಎಲ್ಲಾ ಅಲ್ಲ. ಬಳ್ಳಾರಿ, ವಿಜಯನಗರ, ಕೊಪ್ಪಳ, ಬೆಳಗಾವಿ ಕಡೆ ಜೋಗತಿಯರು ಜೋಗಪ್ಪಂದಿರು ತಲೆಮಾರುಗಳಿಂದ ಇದಾರೆ, ಯಲ್ಲಮ್ಮನ ಹೆಸರಲ್ಲಿ ಊರಿನವರೇ ಕೈ ಮುಗೀತಾರೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ಪದ್ಮಶ್ರೀ ಪಡೆದ್ರು. ಆದ್ರೆ ಕೈ ಮುಗಿಯೋ ಜನಾನೇ ಬಾಡಿಗೆ ಮನೆ ಕೊಡಲ್ಲ, ಅದೂ ಸತ್ಯ. ಜಿಲ್ಲೆಗಳಲ್ಲಿ ಇರೋರು ಮೊದಲು ಹುಡುಕ್ಬೇಕಾದ್ದು ನಿಮ್ಮ ಜಿಲ್ಲೆಯಲ್ಲಿ ಈಗಾಗ್ಲೇ ಟಿಜಿ ಸರ್ಟಿಫಿಕೇಟ್ ತಗೊಂಡ ಒಬ್ಬರನ್ನ. ಅವರಿಗೆ ಯಾವ ಟೇಬಲ್ಲಲ್ಲಿ ಕೆಲಸ ಆಗುತ್ತೆ, ಯಾರು ಮರ್ಯಾದೆಯಿಂದ ಮಾತಾಡ್ತಾರೆ, ಸಮುದಾಯದವರಿಗೆ ರಾಜ್ಯ ಸರ್ಕಾರ ಕೊಡೋ ಮೈತ್ರಿ ಪಿಂಚಣಿಗೆ ನಾಡಕಚೇರಿಯಲ್ಲಿ ಏನ್ ಕೇಳ್ತಾರೆ ಎಲ್ಲಾ ಗೊತ್ತಿರುತ್ತೆ. ಎಚ್‌ಐವಿ ತಡೆ ಕೆಲಸ ಮಾಡೋ ಸಮುದಾಯ ಸಂಘಗಳು ಸುಮಾರು ಜಿಲ್ಲೆಗಳಲ್ಲಿವೆ, ಅಲ್ಲಿಂದ ಶುರು ಮಾಡಬಹುದು.

ಮನಸ್ಸು ತುಂಬ ಕುಗ್ಗಿದಾಗ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಿಂದ ನಡೀತಿದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮತ್ತೆ ಯಾರಾದ್ರೂ ಡಾಕ್ಟರ್ ನಿಮ್ಮನ್ನ ಸರಿ ಮಾಡ್ತೀನಿ, ಬದಲಾಯಿಸ್ತೀನಿ ಅಂದ್ರೆ ಎದ್ದು ಬನ್ನಿ. ಕನ್ವರ್ಷನ್ ಥೆರಪಿ ಮಾಡೋದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸಹಾಯ ಮಾಡ್ತೀನಿ ಅಂತ ಬರೋರೆಲ್ಲ ಒಳ್ಳೆಯವರಲ್ಲ ಅನ್ನೋದನ್ನೂ ಹೇಳ್ಬೇಕು. ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ ಅಂತ ಸಾವಿರಾರು ರೂಪಾಯಿ ಕೇಳೋ ಬ್ರೋಕರ್‌ಗಳಿದಾರೆ, ಪೋರ್ಟಲ್ಲಲ್ಲಿ ಅರ್ಜಿಗೆ ಶುಲ್ಕಾನೇ ಇಲ್ಲ. ಡೇಟಿಂಗ್ ಆಪಲ್ಲಿ ಪರಿಚಯ ಆಗಿ ರೂಮಿಗೆ ಕರೆದು ವಿಡಿಯೋ ಮಾಡಿ ದುಡ್ಡು ಕೀಳೋರಿದಾರೆ. ಹಾಗೇನಾದ್ರೂ ಆದ್ರೆ ನಾಚ್ಕೊಂಡು ದುಡ್ಡು ಕೊಡ್ತಾ ಹೋಗ್ಬೇಡಿ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು ಹೇಳಿದ ಮೇಲೆ ವಯಸ್ಕರು ಒಪ್ಪಿ ಇರೋದು ಅಪರಾಧ ಅಲ್ಲ, ಬ್ಲ್ಯಾಕ್‌ಮೇಲ್ ಮಾಡೋದು ಅಪರಾಧ. ಹೊಸಬರನ್ನ ಮೊದಲ ಸಲ ನೋಡುವಾಗ ನಾಲ್ಕು ಜನ ಇರೋ ಜಾಗದಲ್ಲಿ ಭೇಟಿ ಆಗಿ, ಒಬ್ಬರಿಗಾದ್ರೂ ಹೇಳಿ ಹೋಗಿ.

ಮಾತು ಮುಗಿದ್ಮೇಲೆ ಪ್ರಶ್ನೆಗಳು ಬಂದ್ವು, ಎರಡನ್ನ ಇಲ್ಲಿ ಬರೀತೀನಿ. ಒಬ್ಬ ಹುಡುಗ ಕೇಳಿದ್ದು: ನಾನು ಗೇ, ದಾಖಲೆ ಬದಲಾಯಿಸೋದು ಏನಿಲ್ಲ, ನಾವಿಬ್ರೂ ಒಟ್ಟಿಗೆ ಇದೀವಿ, ನಮಗೆ ಕಾಗದದಲ್ಲಿ ಏನಿದೆ? ಮದುವೆಗೆ ಮಾನ್ಯತೆ ಕೊಡೋಕೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದ್ರೆ ಅದಾದ್ಮೇಲೆ 2024ರಲ್ಲಿ ಕೇಂದ್ರ ಸರ್ಕಾರ ಒಂದೆರಡು ಸ್ಪಷ್ಟನೆ ಕೊಟ್ಟಿದೆ, ಜಾಯಿಂಟ್ ಅಕೌಂಟ್ ತೆಗೆಯೋಕೆ, ಸಂಗಾತಿನ ನಾಮಿನಿ ಮಾಡೋಕೆ ಅಡ್ಡಿ ಇಲ್ಲ, ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ಪರಿಗಣಿಸ್ಬೇಕು ಅಂತ. ಬ್ಯಾಂಕಿನವರಿಗೆ ಗೊತ್ತಿಲ್ದಿದ್ರೆ ಆ ಸ್ಪಷ್ಟನೆ ಪ್ರಿಂಟ್ ತಗೊಂಡು ಹೋಗಿ ಅಂದೆ. ಜೊತೆಗೆ ಒಂದು ವಿಲ್ ಬರೆದಿಡಿ, ವಯಸ್ಸು ಚಿಕ್ಕದು ಅಂತ ಬಿಡ್ಬೇಡಿ ಅಂದೆ. ಇವತ್ತಿನ ಸ್ಥಿತಿಯಲ್ಲಿ ಒಬ್ಬರು ಹೋದ್ರೆ ಮನೆ ಸಾಮಾನೂ ಸೇರಿ ಎಲ್ಲಾ ಹೋಗೋದು ವರ್ಷಗಟ್ಟಲೆ ಫೋನ್ ಕೂಡ ಮಾಡದೇ ಇದ್ದ ಸಂಬಂಧಿಕರಿಗೆ.

ಇನ್ನೊಂದು ಒಬ್ಬ ತಾಯಿ ಕೇಳಿದ್ದು. ಮಗುಗೆ 16 ವರ್ಷ, ಹೆಣ್ಣು ಅಂತ ಹೇಳ್ತಾಳೆ, ಅವರಪ್ಪ ಒಪ್ಪಿಲ್ಲ, ನಾನೊಬ್ಬಳೇ ಅರ್ಜಿ ಹಾಕ್ಬಹುದಾ ಮೇಡಂ ಅಂತ. ಮಗಳು ಅನ್ನೋ ಪದ ಬಾಯಿಗೆ ಬರ್ತಿರ್ಲಿಲ್ಲ ಅವರಿಗೆ, ಆದ್ರೂ ಹೇಳ್ತಾಳೆ ಅಂತ ಅಂದ್ರು. ಅಮ್ಮಾ, 18 ತುಂಬದೇ ಇರೋ ಮಕ್ಕಳ ಪರವಾಗಿ ತಂದೆ ಅಥವಾ ತಾಯಿ ಅಥವಾ ಪೋಷಕರು ಅರ್ಜಿ ಹಾಕ್ಬೇಕು ಅಂತ ಕಾಯ್ದೆಯಲ್ಲಿದೆ, ನೀವು ತಾಯಿ, ಹಾಕ್ಬಹುದು. ಆದ್ರೆ ನಾಳೆನೇ ಹಾಕ್ಬೇಕಾ ಅನ್ನೋದನ್ನ ಮಗು ಜೊತೆ ಕೂತು ಕೇಳಿ, ಅವಳಿಗೆ ಈಗ ಬೇಕಿರೋದು ಸ್ಕೂಲಲ್ಲಿ ಯಾರೂ ಕೀಟಲೆ ಮಾಡದೇ ಇರೋದಾ, ಮನೆಯಲ್ಲಿ ಆ ಹೆಸರಿಂದ ಕರೆಯೋದಾ, ಕಾರ್ಡಾ ಅಂತ. ಕಾರ್ಡಿಗೆ ಅಂದ್ರೆ ನಾನೇ ಕೂತು ತುಂಬಿಸಿ ಕೊಡ್ತೀನಿ. ನಿಮಗೂ ಯಾರಾದ್ರೂ ಬೇಕು, ನಿಮ್ಮ ಥರದ ತಂದೆ ತಾಯಂದಿರೇ ಸೇರಿ 2017ರಲ್ಲಿ ಸ್ವೀಕಾರ್ ಅಂತ ಒಂದು ಗುಂಪು ಮಾಡ್ಕೊಂಡಿದಾರೆ, ಅವರ ಜೊತೆ ಮಾತಾಡಿ ಅಂತ ಹೇಳಿದೆ. ಅವರು ಮತ್ತೆ ಕೇಳಿದ್ದು ಕನ್ನಡ ಮಾತಾಡೋರು ಇದಾರಾ ಅಂತ. ಹುಡುಕೋಣ ಅಂದೆ. ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬರು, ಅವರ ಮಗ ಟ್ರಾನ್ಸ್ ಮ್ಯಾನ್ ಅಂತೆ, ಎದ್ದು ಬಂದು ತಮ್ಮ ನಂಬರ್ ಬರೆದು ಅವರ ಕೈಗೆ ಕೊಟ್ರು.